ಮೆಂತ್ಯ ತುಂಬಿದ ಸಕ್ಕರೆ ಡಬ್ಬಿ

ನಾನು ಒಂದು ಸಕ್ಕರೆ ಡಬ್ಬಿ. ಯಂತ್ರವೊಂದು ಸ್ಟೀಲ್ ತಗಡನ್ನು ಒತ್ತಿ ಬಗ್ಗಿಸಿದಾಗ ಹುಟ್ಟಿದೆ. ಆಗ ನನ್ನೊಳಗೆ ಏನಿರಬೇಕೆಂದು ಯಾರೂ ತೀರ್ಮಾನಿಸಿರಲಿಲ್ಲ; ಉಪ್ಪಿಗೂ ಆಗುತ್ತಿದ್ದೆ. ಮಂಡ್ಯದ ಪಾತ್ರೆ ಅಂಗಡಿಯಲ್ಲಿ ಒಬ್ಬ ತಾಯಿ ನನ್ನನ್ನು ಕೊಂಡು, ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಮದುಮಗಳ ಹೆಸರು ಹಾಕಿಸಿದಳು: ಚಿಕ್ಕತಾಯಮ್ಮ. ಹೀಗೆ ನಾನೂ ಗಂಡನ ಮನೆ ಸೇರಿದೆ.

ಗಂಡ ಜವರಪ್ಪ ಸಕ್ಕರೆ ಕಾರ್ಖಾನೆಯಲ್ಲಿದ್ದರು. ಕುದಿಯುವ ಪಾಕ ಹರಳುಗಟ್ಟುವುದನ್ನು ನೋಡಿಕೊಳ್ಳುವುದು ಅವರ ಕೆಲಸ. ಮನೆಗೆ ಬಂದರೂ ಅದು ಬಿಡುತ್ತಿರಲಿಲ್ಲ. ನನ್ನೊಳಗಿಂದ ಚಿಟಿಕೆ ತೆಗೆದು ಎರಡು ಬೆರಳಲ್ಲಿ ಉಜ್ಜಿ, "ಹರಳು ಸಣ್ಣ ಬಂದದೆ. ಯಾರೋ ಅವಸರ ಮಾಡವ್ರೆ" ಎನ್ನುತ್ತಿದ್ದರು. ಅಂಥವರ ಮನೆಯಲ್ಲಿ ಬಂದವರಿಗೆ ಸಪ್ಪೆ ಕಾಫಿ ಕೊಡುವುದುಂಟೆ? ಅತಿಥಿಗೆ ಎರಡು ಚಮಚ, ಜೊತೆಗೆ ಕುಡಿಯುವ ತಮಗೂ ಎರಡು. ಅತಿಥಿಗಳು ಬಹಳ ಬರುತ್ತಿದ್ದರು.

ಸಕ್ಕರೆ ಕಾಯಿಲೆಯೂ ಬಂತು. ಯಾರೂ ಹೆದರಲಿಲ್ಲ, ಊರಲ್ಲಿ ಯಾರಿಗಿಲ್ಲ? ನಿವೃತ್ತಿಯಾದ ಮೇಲೆ ನಡಿಗೆ ನಿಂತಿತು, ಊಟ ನಿಲ್ಲಲಿಲ್ಲ, ಮಾತ್ರೆ ನೆನಪಾದಾಗ ಮಾತ್ರ. ಆಮೇಲೆ ನೆನಪೇ ಕೈಕೊಡತೊಡಗಿತು. ಮೊದಲು ಚಪ್ಪಲಿ ಬಿಟ್ಟ ಜಾಗ, ನಂತರ ಮನೆಯ ಬೀದಿ, ಕೊನೆಗೆ ಮಗಳು ಸವಿತಾಳ ಹೆಸರು.

ಡಾಕ್ಟರು ಹೇಳಿದ್ದನ್ನು ಸವಿತಾ ಅಡುಗೆಮನೆಯಲ್ಲಿ ಹೇಳಿದಳು: "ಶುಗರ್ ವರ್ಷಗಟ್ಲೆ ಹಿಂಗೇ ಏರ್ತಿದ್ರೆ ಮಿದುಳಿನ ಸಣ್ಣ ರಕ್ತನಾಳಾನೂ ಕೆಡ್ತವಂತೆ ಕಣವ್ವ. ಇದೊಂದೇ ಕಾರಣ ಅಂತಲ್ಲ, ಇದೂ ಒಂದಂತೆ. ಹೋಗಿದ್ದು ಬರಕಿಲ್ಲ, ಇರೋದ್ನ ಉಳುಸ್ಕಬೇಕು."

ಚಿಕ್ಕತಾಯಮ್ಮ ನನ್ನ ಕಡೆ ನೋಡಿದರು. ಮೂಲೆಯಲ್ಲಿ ಅಕ್ಕಿ ಮೂಟೆಯೂ ಇತ್ತು. ಅದು ಬಾಯಿ ಬಿಡಲಿಲ್ಲ. ಅಂದೇ ನನ್ನನ್ನು ತೊಳೆದು, ಒಣಗಿಸಿ, ಮೆಂತ್ಯ ತುಂಬಿದರು. ಅನ್ನ ಅರ್ಧವಾಯಿತು, ಸೊಪ್ಪು ಹೆಚ್ಚಿತು. ತಾವೂ ಸಪ್ಪೆ ಕಾಫಿಗೆ ಇಳಿದರು. ಸಂಜೆ ಗಂಡನ ಕೈ ಹಿಡಿದು ನಡೆಸಿದರು. ಆಸೆ ಒಂದೇ: ತಾನೊಬ್ಬಳಾದರೂ ಅವರ ನೆನಪಿನಲ್ಲಿ ಉಳಿಯಬೇಕು.

ಒಂದು ಮಧ್ಯಾಹ್ನ ಆಕೆ ಕಾಫಿ ಲೋಟ ಹಿಡಿದು ಬಂದರೆ ಜವರಪ್ಪ ಎದ್ದು ನಿಂತರು. "ಬನ್ನಿ ತಾಯಿ, ಕುಂತ್ಕಳಿ. ಬಿಸ್ಲಲ್ಲಿ ಬಂದಿದ್ದೀರ."

ಚಿಕ್ಕತಾಯಮ್ಮ ಕೂತರು. ಜವರಪ್ಪ ಆ ಲೋಟ ಇಸಿದುಕೊಂಡು ಒಂದು ಗುಟುಕು ನೋಡಿದರು. "ಅಯ್ಯೋ, ಸಪ್ಪೆ!" ಎಂದು ನಾಚಿ, ನನ್ನನ್ನು ಕೆಳಗಿಳಿಸಿ, ಮುಚ್ಚಳ ಓದಿದರು.

"ಚಿಕ್ಕತಾಯಮ್ಮ. ನಮ್ಮನೆಯವ್ಳು. ಕೇಳ್ದೆ ಮುಟ್ಟುದ್ರೆ ಬಯ್ತಾಳೆ."

"ಎಲ್ಲವ್ರೆ ಅವ್ರು?"

"ಇಲ್ಲೇ ಎಲ್ಲೋ ಹೋಗವ್ಳೆ. ನನ್ನ ಬುಟ್ಟು ಎಲ್ಲೋದಾಳು?"

ಚಿಟಿಕೆ ಮೆಂತ್ಯ ತೆಗೆದು ಬೆರಳಲ್ಲಿ ಉಜ್ಜಿದರು. ಆ ಬೆರಳಿಗಾದರೂ ಗೊತ್ತಾಗಲಿ ಎಂದು ಚಿಕ್ಕತಾಯಮ್ಮ ಮುಂದಕ್ಕೆ ಬಾಗಿದರು. ನಾನು ಉಸಿರು ಬಿಗಿಹಿಡಿದೆ. ಡಬ್ಬಿಗೆ ಅದೊಂದು ಸುಲಭ.

"ಹರಳು ದಪ್ಪ ಬಂದದೆ. ಒಳ್ಳೆ ಮಾಲು" ಎಂದು ಎರಡು ಚಮಚ ಹಾಕಿ, ಕಲಕಿ, ಕೊಟ್ಟರು. "ಸಿಹಿ ಸಾಕಾ ತಾಯಿ?"

ಆಕೆ ತಳದವರೆಗೆ ಕುಡಿದರು. "ಸರ್ಯಾಗದೆ."

ಸಂಜೆ ನಡೆಯಲು ಹೊರಟಾಗ ಜವರಪ್ಪ ಬಾಗಿಲಲ್ಲಿ ನಿಂತು ದನಿ ತಗ್ಗಿಸಿದರು. "ಯಾರೋ ಬಂದಿದ್ರು ಕಣೇ. ನಿನ್ನ ಡಬ್ಬೀಲಿ ಎರಡು ಚಮಚ ತಕ್ಕಂಡೆ. ಬಯ್ಬ್ಯಾಡ."

"ಬಯ್ಯಕಿಲ್ಲ, ನಡೀರಿ."

ಜವರಪ್ಪ ತೀರಿಹೋಗಿ ಬಹಳ ಕಾಲವಾಯಿತು. ಈಗ ನಾನೂ ಚಿಕ್ಕತಾಯಮ್ಮನೂ ಸವಿತಾಳ ಮನೆಯಲ್ಲಿದ್ದೇವೆ. ಹೆಸರಿನ ಚುಕ್ಕಿಗಳು ಸವೆದಿವೆ, ಮೆಂತ್ಯದ ವಾಸನೆ ನನ್ನ ಮೈಗೆ ಹತ್ತಿಹೋಗಿದೆ. ಮುಚ್ಚಳ ತೆರೆದಾಗಲೆಲ್ಲ ಆ ಎರಡು ಬೆರಳಿಗಾಗಿ ಕಾಯುತ್ತೇನೆ.

ಚಮಚ ಬರುತ್ತದೆ.