ಆಟಕ್ಕೂ ಬೇಕು

ಅಂಗಡಿಯವನು ಮೂರನೆಯ ಸಲ ಅದೇ ಕಂಪ್ಯೂಟರನ್ನು ಮುಂದಕ್ಕೆ ತಳ್ಳಿದ. ಎದುರಿಗೆ ಗಾಜು, ಗಾಜಿನ ಹಿಂದೆ ಮೂರು ಫ್ಯಾನು, ಫ್ಯಾನುಗಳ ಸುತ್ತ ಹಸಿರು, ನೇರಳೆ, ಕೆಂಪು ದೀಪ.

"ಇದಕ್ಕಿಂತ ಚೆಂದದ್ದು ಈ ಬೀದೀಲೇ ಸಿಗಲ್ಲಮ್ಮ. ಎಲ್ಲಾ ಸೆಟ್ಟಾಗಿ ಬರುತ್ತೆ. ಮನೆಗೆ ಹೋಗಿ ಪ್ಲಗ್ ಹಾಕೋದು, ಅಷ್ಟೆ."

ಟೈಲರಮ್ಮ ಕನ್ನಡಕವನ್ನು ಮೂಗಿನ ಮೇಲಕ್ಕೆ ಸರಿಸಿದಳು. "ಒಳಗು ತೋರಿಸಪ್ಪ."

"ಒಳಗೇನಿದೆ ನೋಡೋಕೆ?"

"ಅದನ್ನೇ ನೋಡ್ಬೇಕು ಅಂತ ಬಂದಿರೋದು."

ಮೂವತ್ತು ವರ್ಷದಿಂದ ಹೊಲಿಗೆ ಅವಳ ಕಸುಬು. ಯಾರ ಅಂಗಿ ಕೈಗೆ ಬಂದರೂ ಮೊದಲು ಒಳಮಗ್ಗುಲು ತಿರುಗಿಸಿ ಅಂಚು ನೋಡುತ್ತಾಳೆ. ಎತ್ತು ಕೊಳ್ಳಲು ಬಂದವನು ಕೊಂಬಿನ ಬಣ್ಣ ಬಿಟ್ಟು ಬಾಯಿ ಅಗಲಿಸಿ ಹಲ್ಲು ನೋಡುತ್ತಾನಲ್ಲ, ಹಾಗೆ. ಅಂಗಡಿಯವನು ಗೊಣಗುತ್ತಲೇ ತಿರುಪು ಬಿಚ್ಚಿ ಪಕ್ಕದ ತಗಡು ಸರಿಸಿದ. ದೀಪದ ವೈಭೋಗವೆಲ್ಲ ಮುಂದಿನ ಗಾಜಿಗೇ ಮುಗಿದಿತ್ತು. ತಳದಲ್ಲಿ ಕೂತಿದ್ದ, ಇಡೀ ಯಂತ್ರಕ್ಕೆ ಕರೆಂಟು ಹಂಚಬೇಕಾದ ಪವರ್ ಸಪ್ಲೈ ಬರೀ ಅಂಗೈ ಅಗಲದ್ದು, ಮೈಮೇಲೆ ಹೆಸರೂ ಇಲ್ಲ, ಊರೂ ಇಲ್ಲ.

"ಮೇಲೆ ರೇಷ್ಮೆ, ಒಳಗೆ ಗೋಣಿತಟ್ಟಿನ ಅಸ್ತರಿ," ಎಂದಳು. "ಮುಚ್ಚಿಬಿಡು."

ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತಿದ್ದ ಭಾವ ಕೆಮ್ಮಿದರು. ಅವಳ ಗಂಡನ ಅಣ್ಣ. ಯಾವುದೋ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು, ಮನೆಯವರು ಏನು ಕೊಂಡರೂ ಜೊತೆಗೆ ಹೊರಡುವವರು. ಅಂಗಡಿಯವನು ಅವರಿಗೆ ಗುರುತಿನವನು. "ನೋಡಮ್ಮ, ಪರದೆ ಬಟ್ಟೆಗೆ ಹೂವು ಬಳ್ಳಿ ಬರೆಯೋಕೆ ಇದು ಧಾರಾಳ ಸಾಕು. ಕೆಲಸಕ್ಕೆ ಅಂತ ತಾನೆ ತಗೋತಿರೋದು?"

"ಕೆಲಸಕ್ಕೂ ಬೇಕು ಭಾವ. ಆಟಕ್ಕೂ ಬೇಕು."

ಅಂಗಡಿಯಲ್ಲಿದ್ದ ಇನ್ನಿಬ್ಬರು ಗಿರಾಕಿಗಳು ತಿರುಗಿ ನೋಡಿದರು. ಭಾವ ದನಿ ತಗ್ಗಿಸಿದರು. "ಮೆಲ್ಲಗೆ ಹೇಳಮ್ಮ. ಐವತ್ತೆರಡಾಯ್ತು ನಿನಗೆ."

"ಹೌದು, ಐವತ್ತೆರಡು. ಇನ್ನು ಯಾವಾಗ ಆಡ್ಲಿ?"

ವಿಷಯ ಇಷ್ಟೆ. ಪರದೆ ಬಟ್ಟೆಯ ಗಿರಣಿಯೊಂದು ಎರಡು ವರ್ಷದಿಂದ ಅವಳಿಂದ ಚಿತ್ತಾರ ಬರೆಸಿಕೊಳ್ಳುತ್ತಿತ್ತು. ಹಳೆಯ ಕಂಪ್ಯೂಟರಿನಲ್ಲಿ ಒಂದು ಚಿತ್ತಾರ ಉಳಿಸಿಡಲು ಗುಂಡಿ ಒತ್ತಿದರೆ, ಅದು ಮುಗಿಯುವುದರೊಳಗೆ ಎರಡು ಪ್ಯಾಂಟಿನ ಅಂಚು ಮಡಿಸಬಹುದಿತ್ತು. ಅದನ್ನಾದರೂ ಸಹಿಸಿಕೊಂಡಿದ್ದಳು. ಸಹಿಸಲಾಗದ್ದು ಮಧ್ಯಾಹ್ನದ ಆಟ. ದೂರದ ಆಸ್ಪತ್ರೆಯಲ್ಲಿ ನರ್ಸಾಗಿರುವ ತಂಗಿಯ ಜೊತೆ ದಿನಾ ಒಂದು ಗಂಟೆ ಅವಳು ಮೋಟರ್‌ಬೈಕ್ ಪಂದ್ಯ ಆಡುತ್ತಿದ್ದಳು. ಹುಡುಗಿಯರಾಗಿದ್ದಾಗ ಇಬ್ಬರಿಗೂ ಸೈಕಲ್ಲು ಮುಟ್ಟಲೂ ಬಿಟ್ಟಿರಲಿಲ್ಲ. ಈಗ ಕಂಪ್ಯೂಟರಿನ ಪರದೆಯ ಮೇಲೆ ಘಾಟಿ ಹತ್ತಿ ಇಳಿಯುತ್ತಿದ್ದರು. ಸರಿಯಾಗಿ ತಿರುವಿನಲ್ಲೇ ಯಂತ್ರ ನಿಂತುಹೋಗಿ ಅಕ್ಕ ಕಂದರಕ್ಕೆ ಬೀಳುವುದು, ತಂಗಿ ಹೆಡ್‌ಫೋನಿನಲ್ಲಿ ಕಿಸಕ್ಕೆಂದು ನಗುವುದು. "ಬೇಕಂತಲೇ ಬೀಳ್ತೀಯೇನೆ ಅಕ್ಕ?" ಹೊಸದು ಕೆಲಸಕ್ಕೆ ಮಾತ್ರ ಎಂದು ಒಂದು ಸುಳ್ಳು ಹೇಳಿದ್ದರೆ ಭಾವ ಸುಮ್ಮನಾಗುತ್ತಿದ್ದರು. ಆ ಸುಳ್ಳು ಅವಳಿಗೆ ಬೇಡವಾಗಿತ್ತು.

ಅವಳು ಚೀಲದಿಂದ ಅಳತೆ ಪುಸ್ತಕ ತೆಗೆದಳು. ಗಿರಾಕಿಗಳ ಎದೆ, ಸೊಂಟ, ತೋಳುಗಳ ಲೆಕ್ಕ ಮುಗಿದ ಮೇಲೆ ಕೊನೆಯ ಹಾಳೆಗಳಲ್ಲಿ ಪ್ರೊಸೆಸರು, ಮದರ್‌ಬೋರ್ಡು, ಗ್ರಾಫಿಕ್ಸ್ ಕಾರ್ಡು. ಯಾವುದಕ್ಕೆ ಯಾವುದು ಹೊಂದುತ್ತದೆ ಎಂದು ಎರಡು ತಿಂಗಳು ಓದಿ ಬರೆದುಕೊಂಡದ್ದು. ಕೊರಳಿನ ಟೇಪು ಇಳಿಸಿ ಗ್ರಾಫಿಕ್ಸ್ ಕಾರ್ಡಿನ ಉದ್ದ ಹಿಡಿದಳು. ಹನ್ನೆರಡು ಇಂಚು. ಅಂಗಡಿಯವನು ತೋರಿಸಿದ ಕ್ಯಾಬಿನೆಟ್ಟಿನ ಒಳಗೆ ಹನ್ನೆರಡೂಕಾಲು.

"ಕೂರುತ್ತಲ್ಲಮ್ಮ!"

"ಕೂರುತ್ತೆ. ಉಸಿರಾಡೋಕೆ ಜಾಗ ಎಲ್ಲಿ? ಮೈಗೆ ಅಂಟಿದ ಅಂಗಿ ಹೊಲಿದುಕೊಟ್ರೆ ಗಿರಾಕಿ ನನ್ನ ಮುಖಕ್ಕೇ ಎಸೀತಾನೆ." ಮೂಲೆಯಲ್ಲಿ ಧೂಳು ಹಿಡಿದಿದ್ದ, ದೀಪವಿಲ್ಲದ ದೊಡ್ಡ ಕರಿಯ ಕ್ಯಾಬಿನೆಟ್ಟಿನ ಕಡೆ ಬೆರಳು ಮಾಡಿದಳು. ಮಾನಿಟರುಗಳ ಸಾಲಿಗೆ ಹೋಗಿ, ತನ್ನ ಚಿತ್ತಾರವನ್ನು ಅವುಗಳಲ್ಲಿ ತೆರೆಸಿ, ಗಿರಣಿಯ ಬಟ್ಟೆತುಂಡುಗಳನ್ನು ಒಂದೊಂದು ಪರದೆಗೂ ಹಿಡಿದು ನೋಡಿದಳು. ಮೂರರಲ್ಲಿ ಕುಂಕುಮಗೆಂಪು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತಿತ್ತು. ನಾಲ್ಕನೆಯದು ಸುಳ್ಳು ಹೇಳಲಿಲ್ಲ.

ಅಂಗಡಿಯವನಿಗೆ ರೇಗಿತು. "ನಿಮ್ಮ ಪಟ್ಟಿಗೆ ನಾನು ಜವಾಬ್ದಾರನಲ್ಲ. ಜೋಡಿಸಿಯೂ ಕೊಡಲ್ಲ. ಡಬ್ಬಿ ಒಡೆದ ಮೇಲೆ ವಾಪಸ್ಸೂ ಇಲ್ಲ."

"ಬಿಡಿಬಿಡಿಯಾಗೇ ಕಟ್ಟು. ನಾನೇ ಜೋಡಿಸ್ಕೋತೀನಿ."

"ಶುರುವಾಗದೇ ಇದ್ರೆ," ಎಂದರು ಭಾವ, ಎದ್ದು ನಿಂತು, "ಇವನ ಸೆಟ್ಟೇ ಮನೆಗೆ ಬರೋದು. ಆಮೇಲೆ ಆಟ ಗೀಟ ಅನ್ನೋ ಮಾತು ನಮ್ಮ ಮನೇಲಿ ಇರಬಾರದು."

"ಆಯ್ತು ಭಾವ. ಶುರುವಾದ್ರೂ ಹೀಗೇ ಒಂದು ಮಾತು ಹೇಳಿ ಮತ್ತೆ."

ಮರುದಿನ ಬೆಳಿಗ್ಗೆ ಬಟ್ಟೆ ಕತ್ತರಿಸುವ ಮೇಜನ್ನು ಒರೆಸಿ, ಭಾಗಗಳನ್ನು ಒಂದೊಂದಾಗಿ ಹರಡಿದಳು. ಪಕ್ಕದಲ್ಲಿ ಕಾಜಾ ಹೊಲಿಯುತ್ತಿದ್ದ ಗಂಡ, ಮಾತಿಗೆ ಬಲು ಬಡವ, ತಿರುಪುಗಳನ್ನು ಗುಂಡಿಯ ಬಟ್ಟಲಿಗೆ ಹಾಕಿ ಅವಳ ಕಡೆ ಸರಿಸಿದ. ಅಂಗಿಗೆ ಮಾಡುವಂತೆಯೇ ಮಾಡಿದಳು. ಮೊದಲು ಕಚ್ಚಾ ಹೊಲಿಗೆ: ಎಲ್ಲವನ್ನೂ ಹಗುರಾಗಿ ಕೂರಿಸಿ, ತಿರುಪುಗಳನ್ನು ಅರ್ಧ ಮಾತ್ರ ತಿರುಗಿಸಿ, ದೂರ ನಿಂತು ನೋಡುವುದು. ಆಮೇಲೆ ಒಂದೊಂದೇ ತಿರುಪನ್ನು ಬಿಗಿ ಮಾಡುತ್ತ ಬಂದಳು.

ಗುಂಡಿ ಒತ್ತಿದಳು. ಫ್ಯಾನು ತಿರುಗಿತು. ಪರದೆ ಕಪ್ಪಗೇ ಉಳಿಯಿತು.

ಭಾವ ಬಾಗಿಲಲ್ಲೇ ನಿಂತಿದ್ದರು. "ನಾನು ಹೇಳಿರಲಿಲ್ವಾ? ಫೋನ್ ಮಾಡ್ಲಾ ಅವನಿಗೆ?"

"ಮಾಡಬೇಡಿ."

"ಹಟ ಸಾಕಮ್ಮ ಇನ್ನು."

"ಹಟ ಅಲ್ಲ ಭಾವ, ಆಲ್ಟರೇಶನ್ನು. ಕೂತ್ಕೊಳ್ಳಿ, ಕಾಲು ನೋಯುತ್ತೆ."

ಹೊಲಿಗೆ ತಪ್ಪಿದರೆ ಅಳುತ್ತ ಕೂರುವವಳು ದರ್ಜಿಯಾಗುವುದಿಲ್ಲ, ಬಿಚ್ಚುತ್ತಾಳೆ. ಬಿಗಿ ಮಾಡಿದ ಕ್ರಮದಲ್ಲೇ ಹಿಂದಕ್ಕೆ ಬಿಚ್ಚುತ್ತ ಹೋದಳು. ಗ್ರಾಫಿಕ್ಸ್ ಕಾರ್ಡು ತೆಗೆದಳು, ಮತ್ತೆ ಕೂರಿಸಿದಳು. ವೈರುಗಳನ್ನು ಕಿತ್ತು ಸಿಕ್ಕಿಸಿದಳು. ಎರಡು ಸಲ ಗುಂಡಿ ಒತ್ತಿದರೂ ಪರದೆ ಕಪ್ಪೇ. ಭಾವನ ಬೆರಳು ಫೋನಿನ ಮೇಲಿತ್ತು. ಆಗ ಅವಳ ಉಗುರು ಮದರ್‌ಬೋರ್ಡಿಗೆ ಸಿಕ್ಕಿಸಿದ್ದ ರ‍್ಯಾಮ್ ಪಟ್ಟಿಯ ತುದಿಗೆ ತಾಗಿತು. ಪಟ್ಟಿ ಒಂದಿಷ್ಟು ಅಲ್ಲಾಡಿತು.

ಅವಳಿಗೆ ನಗು ಬಂತು. ಉಳಿದ ಭಾಗಗಳಿಗೆಲ್ಲ ತಿರುಪಿತ್ತು, ಎರಡನೆಯ ಸುತ್ತಿನಲ್ಲಿ ಬಿಗಿಯಾಗಿದ್ದವು. ಇದಕ್ಕೆ ತಿರುಪೇ ಇಲ್ಲ. ಹೊಸಬಟ್ಟೆಯೆಂಬಂತೆ ಮೆತ್ತಗೆ ಇಟ್ಟು ಮುಂದೆ ಹೋಗಿದ್ದಳು. ಪಾಪ, ಅದು ಕಚ್ಚಾ ಹೊಲಿಗೆಯಲ್ಲೇ ಉಳಿದಿತ್ತು. ಎರಡೂ ಹೆಬ್ಬೆರಳಿಟ್ಟು ಮೈಭಾರ ಹಾಕಿ ಒತ್ತಿದಳು. ಟಕ್ ಎಂದಿತು. ಇನ್ನೊಂದು ಪಟ್ಟಿಯೂ ಟಕ್ ಎಂದಿತು.

ಪರದೆ ಬೆಳಗಿತು. ಗಂಡ ಸೂಜಿಯಿಂದ ತಲೆಯೆತ್ತಿ, "ಹತ್ಕೊಂಡ್ತಲ್ಲೇ," ಎಂದ. ಆ ದಿನದ ಅವನ ಮೊದಲ ಮಾತು.

ಮಧ್ಯಾಹ್ನದ ಹೊತ್ತಿಗೆ ಗಿರಣಿಯ ಚಿತ್ತಾರ ಕಣ್ಣು ಮಿಟುಕಿಸುವಷ್ಟರಲ್ಲಿ ಉಳಿಯುತ್ತಿತ್ತು. ಭಾವ ಅದನ್ನು ನೋಡಿ, ಒಪ್ಪಿದವರಂತೆ ಗಲ್ಲ ಸವರಿಕೊಂಡರು. ಅಷ್ಟರಲ್ಲಿ ಪ್ಯಾಂಟು ಕೇಳಿಕೊಂಡು ಎದುರುಮನೆಯ ಮೇಷ್ಟ್ರು ಬಂದರು. ಪರದೆಯ ಮೇಲೆ ಕೆಂಪು ಮೋಟರ್‌ಬೈಕು ಗುರುಗುಟ್ಟುತ್ತ ನಿಂತಿತ್ತು.

"ಏನಿದು ಹೊಸದು?"

"ಡಿಸೈನಿಗೆ," ಎಂದರು ಭಾವ ತಡಮಾಡದೆ. "ಗಿರಣಿ ಕೆಲಸಕ್ಕೆ ಅಂತಲೇ ತಂದಿದ್ದು ಮೇಷ್ಟ್ರೇ."

"ಬೆಳಿಗ್ಗೆ ಡಿಸೈನಿಗೆ," ಎಂದಳು ಅವಳು, ತಂಗಿಯ ದನಿ ಕೇಳಲು ಹೆಡ್‌ಫೋನು ಸರಿಪಡಿಸಿಕೊಳ್ಳುತ್ತ. "ಈಗ ಆಟಕ್ಕೆ. ನಿಮ್ಮ ಪ್ಯಾಂಟು ಸಂಜೆ ಕೊಡ್ತೀನಿ ಮೇಷ್ಟ್ರೇ. ನಿಂತು ನೋಡೋದಾದ್ರೆ ನೋಡಿ. ಭಾವ, ನೀವು ಸ್ವಲ್ಪ ಪಕ್ಕಕ್ಕೆ ಬನ್ನಿ, ತಿರುವು ಕಾಣಿಸ್ತಿಲ್ಲ."