ಅಟೆಂಡರನ ಪಾದಸೇವೆ

ಸಿಸ್ಟರಮ್ಮನಿಗೆ ಮನುಷ್ಯಜಾತಿಯ ಮೇಲೆ ಒಳ್ಳೆಯ ಅಭಿಪ್ರಾಯ ಯಾವತ್ತೂ ಇರಲಿಲ್ಲ. ದೊಡ್ಡಾಸ್ಪತ್ರೆಯ ಆಪರೇಷನ್ ವಾರ್ಡಿನಲ್ಲಿ ಮೂವತ್ತನಾಲ್ಕು ವರ್ಷ ನರ್ಸಾಗಿ ದುಡಿದು ನಿವೃತ್ತರಾದ ಮೇಲೆ ಅವರಿಗೆ ಉಳಿದಿದ್ದ ಜ್ಞಾನ ಇಷ್ಟೇ: ಲೋಕದಲ್ಲಿ ಕೈ ತೊಳೆಯುವವರು ಕೆಲವರು, ತೊಳೆದ ಹಾಗೆ ಮಾಡುವವರು ಮಿಕ್ಕವರೆಲ್ಲ. ಈ ಮಿಕ್ಕವರ ಗುಂಪಿನಲ್ಲಿ ಅವರ ತಮ್ಮ, ತಮ್ಮನ ಹೆಂಡತಿ, ಹಾಲಿನವನು, ಅಂಚೆಯವನು, ಬೀದಿಯ ಅಷ್ಟೂ ಜನ, ಮುಖ್ಯವಾಗಿ ಡಾಕ್ಟರುಗಳು ಸೇರಿದ್ದರು. ಹೆಸರುವಾಸಿ ಸರ್ಜನ್ನುಗಳನ್ನೇ ಅವರು ನಲ್ಲಿಯ ಹತ್ತಿರಕ್ಕೆ ವಾಪಸ್ ಅಟ್ಟಿದ್ದುಂಟು. “ಸಾರ್, ಇನ್ನೂ ಎರಡು ನಿಮಿಷ ಬಾಕಿ ಇದೆ” ಎಂದು ಗೋಡೆಯ ಗಡಿಯಾರ ತೋರಿಸಿದರೆ ಎಂಥವನೂ ಬಾಯಿ ಮುಚ್ಚಿಕೊಂಡು ಮತ್ತೆ ಸೋಪು ಹಚ್ಚಬೇಕಾಗುತ್ತಿತ್ತು. ತನ್ನ ಕೈಯಿಂದ ಒಬ್ಬ ರೋಗಿಯ ಒಂದು ಗಾಯವೂ ಕೀವಾಗಲಿಲ್ಲ ಎನ್ನುವುದು ಅವರ ಜಂಬ. ಬೇರೆಯವರು ಮನೆ, ಮಕ್ಕಳು, ಒಡವೆ ಎಂದು ಏನೇನೋ ಕೂಡಿಟ್ಟುಕೊಳ್ಳುತ್ತಾರೆ. ಇವರು ಇಟ್ಟುಕೊಂಡಿದ್ದು ಇದೊಂದನ್ನೇ.

ಇಂಥವರು ನಾಯಿ ಸಾಕಿದ್ದು ಬೀದಿಗೇ ದೊಡ್ಡ ಸುದ್ದಿಯಾಯಿತು. ಯಾರೋ ಪುಣ್ಯಾತ್ಮರು ಗೇಟಿನ ಬಳಿ ಬಿಟ್ಟು ಹೋದ ಬಿಳಿ ನಾಯಿ ಅದು, ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋಲು. ಓಡಿಸೋಣ ಎಂದು ಕೋಲು ಹಿಡಿದು ಹೋದ ಸಿಸ್ಟರಮ್ಮ ಅರ್ಧ ಗಂಟೆಯ ನಂತರ ಬ್ರೆಡ್ಡು ಹಾಲು ಹಿಡಿದು ಹೋದರು. ಇಡೀ ದಿನ ಬಾಗಿಲಲ್ಲಿ ಬಿದ್ದುಕೊಂಡು, ಕರೆದರೆ ಒಂದೇ ಒಂದು ಕಣ್ಣು ತೆರೆದು ನೋಡುತ್ತಿದ್ದ ಆ ಪ್ರಾಣಿಗೆ ವಾರ್ಡಿನ ನೆನಪಿನಿಂದ ‘ಅಟೆಂಡರ್’ ಎಂದು ಹೆಸರಿಟ್ಟರು. ಅವರು ಬೈಯದೆ ಮಾತಾಡಿಸುತ್ತಿದ್ದ ಜೀವ ಎಂದರೆ ಅದೊಂದೇ.

ಎರಡು ತಿಂಗಳಾಗುವಷ್ಟರಲ್ಲಿ ಅಟೆಂಡರ್ ಪಾದ ನೆಕ್ಕತೊಡಗಿತು. ಮೊದಲು ಊಟವಾದ ಮೇಲೆ, ಆಮೇಲೆ ಊಟಕ್ಕೆ ಮುಂಚೆ, ಕೊನೆಗೆ ಊಟ ಬಿಟ್ಟು. ಮುಂಗಾಲು ಮುಗಿದರೆ ಹಿಂಗಾಲು, ಅದು ಮುಗಿದರೆ ಮತ್ತೆ ಮುಂಗಾಲು. ಪಚಪಚ ಪಚಪಚ ಎಂದು ಮನೆಯೆಲ್ಲ ಅದೇ ಸದ್ದು. ಬಿಳಿ ಕೂದಲು ತುಕ್ಕಿನ ಬಣ್ಣಕ್ಕೆ ತಿರುಗಿತು. ಬೆರಳ ಸಂದುಗಳು ಕೆಂಪಾಗಿ ಊದಿಕೊಂಡವು.

ಮಹಡಿಯ ಮೇಲೆ ತಮ್ಮನ ಸಂಸಾರ. ತಮ್ಮನ ಹೆಂಡತಿಯನ್ನು ಸಿಸ್ಟರಮ್ಮ ಹೆಸರು ಹಿಡಿದು ಕರೆದವರಲ್ಲ. ‘ಮೇಲಿನವಳು’ ಎಂದರೆ ಆಯಿತು. ಅವಳು ಕೆಟ್ಟವಳೇನಲ್ಲ, ಅದೇ ಅವಳ ದೊಡ್ಡ ತಪ್ಪು, ಬೈದರೂ ನಗುತ್ತಾಳೆ. ಮೊಬೈಲ್ ಹಿಡಿದುಕೊಂಡೇ ಮೆಟ್ಟಿಲಿಳಿದು ಬಂದಳು.

“ಅಕ್ಕ, ಇದರಲ್ಲಿ ತೋರಿಸ್ತಿದ್ದಾರೆ ನೋಡಿ. ನಾಯಿ ಬೇಜಾರಾದ್ರೂ ಕಾಲು ನೆಕ್ಕುತ್ತಂತೆ. ಆಟ ಆಡಿಸಬೇಕಂತೆ.”

“ನನಗೂ ನಿನ್ನ ನೋಡಿದ್ರೆ ಬೇಜಾರಾಗುತ್ತೆ. ನಾನೇನು ಕಾಲು ನೆಕ್ಕಿಕೊಂಡು ಕೂತಿದ್ದೀನಾ?”

ಮೇಲಿನವಳು ನಕ್ಕಳು. ನಗುತ್ತಲೇ ಸೆರಗಿನ ಮರೆಯಿಂದ ಒಂದು ಬಿಸ್ಕತ್ತು ತೆಗೆದು ನಾಯಿಯ ಬಾಯಿಗೆ ಇಟ್ಟಳು. ಸಿಸ್ಟರಮ್ಮ ಅದನ್ನು ಕಂಡರು. ಮನಸ್ಸಿನಲ್ಲಿ ಗಂಟು ಹಾಕಿಟ್ಟುಕೊಂಡರು.

ಮಾರನೆಯ ದಿನ ಆಟೋ ಹತ್ತಿ ಪ್ರಾಣಿಗಳ ಡಾಕ್ಟರ ಹತ್ತಿರ ಹೋದರು. ಅಲ್ಲಿ ಕಂಡದ್ದು ಇನ್ನೂ ಮೀಸೆ ಸರಿಯಾಗಿ ಬಲಿಯದ ಒಬ್ಬ. ಸಿಸ್ಟರಮ್ಮ ಅವನಿಗೆ ಅಲ್ಲೇ ‘ಹಾಲುಗಲ್ಲ’ ಎಂದು ನಾಮಕರಣ ಮಾಡಿದರು. ಹಾಲುಗಲ್ಲನ ಬಿಳಿ ಕೋಟಿನ ಜೇಬಿನ ಮೇಲೆ ಚಹಾದ ಕಲೆ. ಮೇಜಿನ ಮೂಲೆಯಲ್ಲಿ ಬೆಕ್ಕಿನ ಕೂದಲು. ಇವನ ಕೈಗೆ ತನ್ನ ನಾಯಿಯನ್ನು ಕೊಡಬೇಕಲ್ಲ ಎಂದು ಅವರಿಗೆ ಮೈಯೆಲ್ಲ ಉರಿಯಿತು.

“ನಾಲ್ಕೂ ಕಾಲು ನೆಕ್ಕುತ್ತಾ? ಒಂದೇ ಕಾಲಾ?” ಎಂದು ಅವನು ಕೇಳಿದ. “ಒಂದೇ ಆದರೆ ಮುಳ್ಳೋ ಗಾಜೋ ಚುಚ್ಚಿರಬಹುದು. ನಾಲ್ಕೂ ಅಂದರೆ ಸಾಮಾನ್ಯವಾಗಿ ಅಲರ್ಜಿ.”

“ನಾಲ್ಕೂ.”

“ಕಾಲಿಗೆ ಏನಾದರೂ ಹಚ್ತೀರಾ? ಎಣ್ಣೆ, ಮುಲಾಮು?”

“ಏನೂ ಹಚ್ಚಲ್ಲ.”

“ನೆಲಕ್ಕೆ ಫಿನಾಯಿಲ್?”

“ನಾನು ನೆಲ ಒರೆಸೋ ರೀತಿ ನಿಮಗೆ ಹೇಳಿಕೊಡಬೇಕಾ? ಬಿಸಿನೀರು, ಆಮೇಲೆ ಬರೀ ನೀರು, ಆಮೇಲೆ ಒಣ ಬಟ್ಟೆ.”

ಹಾಲುಗಲ್ಲ ಬೆರಳ ಸಂದು ಬಿಡಿಸಿ ಟಾರ್ಚು ಹಾಕಿ ನೋಡಿದ. ಸೋಂಕಾಗಿದೆ, ಒಳಗಿಳಿಯುತ್ತಿದೆ ಎಂದ. ಎಡ ಮುಂಗಾಲಿನ ಒಂದು ಬೆರಳು ತೀರಾ ಕೆಟ್ಟಿದೆ, ಹೀಗೇ ಮೂಳೆಯವರೆಗೆ ಹೋದರೆ ಆ ಬೆರಳನ್ನು ತೆಗೆಯಬೇಕಾಗುತ್ತದೆ ಎಂದ. ಎಷ್ಟೋ ಜನರ ಬೆರಳು ಟ್ರೇಯಲ್ಲಿ ಬಿದ್ದದ್ದನ್ನು ಕಣ್ಣು ಮಿಟುಕಿಸದೆ ನೋಡಿದ್ದ ಸಿಸ್ಟರಮ್ಮ ಈಗ ಗೋಡೆಯ ಕಡೆ ತಿರುಗಿ ನಿಂತರು.

ಮಾತ್ರೆ ಬರೆದುಕೊಟ್ಟು ಹಾಲುಗಲ್ಲ ಕೊನೆಯದಾಗಿ ಕೇಳಿದ: “ತಿನ್ನೋಕೆ ಏನು ಕೊಡ್ತೀರಿ? ಬಿಸ್ಕತ್ತು ಗಿಸ್ಕತ್ತು? ಅದರಿಂದಲೂ ಅಲರ್ಜಿ ಆಗಬಹುದು.”

ಅಷ್ಟು ಸಾಕಾಯಿತು. ಮನೆಗೆ ಬಂದವರೇ ಮೆಟ್ಟಿಲ ಬುಡದಲ್ಲಿ ನಿಂತು, ಬೀದಿಗೆಲ್ಲ ಕೇಳುವ ಹಾಗೆ ಮೇಲಿನವಳ ಜನ್ಮ ಜಾಲಾಡಿದರು. ಕಳ್ಳತನದಲ್ಲಿ ವಿಷ ಹಾಕಿದೆ ಎಂದರು. ಒಂದು ಮೂಕಪ್ರಾಣಿಯ ಬೆರಳು ತಿಂದೆ ಎಂದರು. ಮೇಲಿನವಳು ಮೊದಲ ಸಲ ನಗಲಿಲ್ಲ. “ತಪ್ಪಾಯ್ತು ಅಕ್ಕ, ಗೊತ್ತಿರಲಿಲ್ಲ” ಎಂದು ಕಣ್ಣೊರೆಸಿಕೊಂಡು ಒಳಗೆ ಹೋದವಳು ಕೆಳಗಿಳಿಯುವುದನ್ನೇ ಬಿಟ್ಟಳು. ತಮ್ಮ ಮಧ್ಯೆ ಬಾಯಿ ಹಾಕಲು ಬಂದ, ಉಗಿಸಿಕೊಂಡು ಹೋದ.

ಬಿಸ್ಕತ್ತು ನಿಂತಿತು. ನೆಕ್ಕುವುದು ನಿಲ್ಲಲಿಲ್ಲ. ಮೂರು ವಾರ ಮಾತ್ರೆ ನುಂಗಿಯೂ ಎಡ ಮುಂಗಾಲು ಊದಿ, ಅಟೆಂಡರ್ ಮೂರೇ ಕಾಲಿನಲ್ಲಿ ಕುಂಟತೊಡಗಿತು. ಸಿಸ್ಟರಮ್ಮ ಹಾಲುಗಲ್ಲನ ಓದಿನ ಮೇಲೆ, ಅವನನ್ನು ಓದಿಸಿದವರ ಮೇಲೆ, ಅವನನ್ನು ಪಾಸು ಮಾಡಿದವರ ಮೇಲೆ ಸರದಿಯಂತೆ ಉಗಿಯುತ್ತಾ ಮತ್ತೆ ಆಟೋ ಹತ್ತಿದರು.

ಈ ಸಲ ಹಾಲುಗಲ್ಲ ನಾಯಿಯನ್ನು ಮುಟ್ಟುವ ಮೊದಲೇ ಅವರು ಕೈ ಅಡ್ಡ ಹಿಡಿದರು. “ನಿಲ್ಲಿ. ನಿಮ್ಮ ಬಾಗಿಲಿಂದ ಮೇಜಿನವರೆಗೆ ನಡೆದುಕೊಂಡು ಬಂದಿದೆ. ಇಲ್ಲಿನ ನೆಲ ನೋಡಿದರೆ ನನಗೇ ಚಪ್ಪಲಿ ಬಿಡೋಕೆ ಮನಸ್ಸಿಲ್ಲ.”

ಚೀಲದಿಂದ ಒಂದು ಮಗ್ಗು, ಒಂದು ಬಾಟಲಿ, ಒಂದು ಮೆದು ಬ್ರಷ್ಷು ಹೊರಗೆ ಬಂದವು. ಮಗ್ಗಿಗೆ ನೀರು ಹಿಡಿದು ಬಾಟಲಿಯ ಮುಚ್ಚಳದಲ್ಲಿ ಮೂರು ಅಳತೆ ಲೋಷನ್ ಸುರಿದರು. ಆಪರೇಷನ್ನಿಗೆ ಮುಂಚೆ ಕೈ ತೊಳೆಯುವ ಖಾರ ವಾಸನೆಯ ಲೋಷನ್. ನೀರು ಹಾಲಿನಂತಾಯಿತು. ನಂತರ ವಾಚು ನೋಡಿಕೊಂಡು ಎಡ ಮುಂಗಾಲಿನಿಂದ ಶುರು ಮಾಡಿದರು. ಉಗುರಿನ ಬುಡ, ಬೆರಳ ಸಂದು, ಪಾದದ ಮೆತ್ತೆ, ಅಲ್ಲಿಂದ ಮೇಲಕ್ಕೆ. ಅಟೆಂಡರ್ ಕಾಲು ಎಳೆದುಕೊಂಡಿತು. ಅವರು ಬಿಡಲಿಲ್ಲ. ಅದು ಕುಂಯ್ ಎಂದಿತು. “ಆಯ್ತು ಪುಟ್ಟ, ಆಯ್ತು, ಇನ್ನೊಂದೇ ನಿಮಿಷ” ಎಂದು ರಮಿಸುತ್ತಾ ಉಜ್ಜಿದರು. ಅಷ್ಟು ಮೃದುವಾದ ದನಿ ಅವರದ್ದು ಎಂದರೆ ವಾರ್ಡಿನ ಯಾರೂ ನಂಬುತ್ತಿರಲಿಲ್ಲ.

ನಾಲ್ಕು ಕಾಲು ಮುಗಿಯುವವರೆಗೂ ಹಾಲುಗಲ್ಲ ಕೈಕಟ್ಟಿಕೊಂಡು ನೋಡಿದ.

“ಅಮ್ಮ, ಇದು ದಿನಕ್ಕೆ ಎಷ್ಟು ಸಲ?”

“ಹೊರಗೆ ಹೋಗಿ ಬಂದಾಗಲೆಲ್ಲ. ಎಂಟು ಸಲ, ಹತ್ತು ಸಲ.”

“ನೆಕ್ಕಿದಾಗ?”

“ಆಗಲೂ. ಎಂಜಲು ಆಗಿರುತ್ತಲ್ಲ!”

“ಹೋದ ಸಲ ಏನೂ ಹಚ್ಚಲ್ಲ ಅಂದಿರಿ.”

“ಹಚ್ಚಲ್ಲ ಅಂದೆ, ತೊಳೆಯಲ್ಲ ಅಂದೆನಾ? ತೊಳೆಯೋದು ಒಂದು ಔಷಧಿಯಾ, ಹೇಳೋಕೆ?”

ಅವನು ನಾಯಿಯ ಪಾದ ಹಿಡಿದು ಅವರ ಕಣ್ಣೆದುರಿಗೆ ತಂದ. ಕೆಂಪು ಸಂದಿನಲ್ಲಿ ಚರ್ಮ ಬೆಳ್ಳಗೆ ನೆನೆದು ಸುಲಿದಿತ್ತು. “ಲೋಷನ್ ಚರ್ಮ ಸುಡ್ತಿದೆ. ಸುಟ್ಟಿದ್ದಕ್ಕೆ ನೆಕ್ಕುತ್ತೆ. ನೆಕ್ಕಿದ್ದಕ್ಕೆ ನೀವು ತೊಳೀತೀರಿ. ಸಂದು ಒಣಗೋದೇ ಇಲ್ಲ, ಅಲ್ಲಿ ಸೋಂಕು ಮನೆ ಮಾಡಿದೆ. ನನ್ನ ಮಾತ್ರೆ ಏನು ಮಾಡೀತು? ಮೊದಲ ದಿನವೇ ಬಿಡಿಸಿ ಕೇಳಬೇಕಿತ್ತು, ಅದು ನನ್ನ ತಪ್ಪು.”

ಸಿಸ್ಟರಮ್ಮ ನಕ್ಕರು. ಒಳ್ಳೆಯ ನಗುವಲ್ಲ. “ನೀವು ತೊಟ್ಟಿಲಲ್ಲಿ ಇದ್ದಾಗ ನಾನು ಈ ಲೋಷನ್ನಿನಲ್ಲಿ ಕೈ ಅದ್ದಿದವಳು. ನನಗೇನಾಯ್ತು?”

ಹಾಲುಗಲ್ಲ ಅವರ ಕೈಗಳನ್ನು ನೋಡಿದ. ಗೆಣ್ಣುಗಳ ಮೇಲೆ ಬಿರುಕು, ಬೆರಳ ತುದಿಗಳಲ್ಲಿ ಸಿಪ್ಪೆ, ಹೆಬ್ಬೆರಳಿಗೆ ಸುತ್ತಿದ ಪ್ಲಾಸ್ಟರು. ಸಿಸ್ಟರಮ್ಮ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು.

“ಹತ್ತು ದಿನ ಕೊಡಿ ಅಮ್ಮ. ಲೋಷನ್ ಬೇಡ. ತೀರಾ ಕೆಸರಾದರೆ ಬರೀ ನೀರು, ಆಮೇಲೆ ಬೆರಳ ಸಂದು ಬಟ್ಟೆಯಿಂದ ಒಣಗಿಸಿ ಈ ಮುಲಾಮು. ಕುತ್ತಿಗೆಗೆ ಈ ಕೊರಳಪಟ್ಟಿ, ನೆಕ್ಕೋಕೆ ಸಿಗಬಾರದು. ನಾಲ್ಕು ದಿನ ಬಿಟ್ಟು ಅದನ್ನೂ ಬಿಚ್ಚಿ ನೋಡಿ. ಕಡಿಮೆ ಆಗದಿದ್ದರೆ ಬಂದು ನನ್ನ ಬೋರ್ಡು ಇಳಿಸಿ.”

“ಇಳಿಸ್ತೀನಿ” ಎಂದರು ಸಿಸ್ಟರಮ್ಮ. ಅವನನ್ನು ಸುಳ್ಳು ಮಾಡುವ ಛಲಕ್ಕೇ ಒಪ್ಪಿಕೊಂಡರು, ನಂಬಿಕೆಯಿಂದಲ್ಲ.

ಹಾಗೆ ಶುರುವಾದ ಹತ್ತು ದಿನ ಅವರಿಗೆ ಸೆರೆಮನೆವಾಸ. ಅಟೆಂಡರ್ ಬಕೆಟ್ಟಿನಂಥ ಕೊರಳಪಟ್ಟಿ ಹಾಕಿಕೊಂಡು ಬಾಗಿಲಿಗೆ, ಕುರ್ಚಿಗೆ, ಗೋಡೆಗೆ ಡಿಕ್ಕಿ ಹೊಡೆಯುತ್ತಾ ಅಂಗಳದಿಂದ ಬರುವುದು, ಧೂಳಿನ ಪಾದದಲ್ಲಿ ಒರೆಸಿದ ನೆಲದ ಮೇಲೆ ಹೂವು ಬಿಡಿಸಿದ ಹಾಗೆ ನಡೆಯುವುದು. ಸಿಸ್ಟರಮ್ಮ ಹಲ್ಲು ಕಚ್ಚಿಕೊಂಡು ಕೂರುತ್ತಿದ್ದರು. ಎರಡನೇ ದಿನ ಮಗ್ಗು ಹಿಡಿದು ಎದ್ದೇಬಿಟ್ಟರು, ಹಾಲುಗಲ್ಲನ ಮುಖ ನೆನಪಾಗಿ, ಮಹಡಿಯಲ್ಲಿ ನಿಂತಿದ್ದ ಮೇಲಿನವಳಿಗೂ ಕೇಳುವ ಹಾಗೆ ‘ನನ್ನ ಲೋಷನ್ನೇ ಸುಡುತ್ತಂತೆ!’ ಎಂದು ಬೈಯುತ್ತಾ ನೀರನ್ನು ಗಿಡಕ್ಕೆ ಚೆಲ್ಲಿದರು.

ಐದನೇ ದಿನ ಕೊರಳಪಟ್ಟಿ ಬಿಚ್ಚಿ, ಎದುರಿಗೆ ಸ್ಟೂಲು ಹಾಕಿಕೊಂಡು, ಪಹರೆಯವರ ಹಾಗೆ ಕಣ್ಣಿಟ್ಟು ಕೂತರು. ನೆಕ್ಕು, ನೆಕ್ಕು ಎಂದು ಮನಸ್ಸಿನಲ್ಲೇ ಹುರಿದುಂಬಿಸಿದರು. ಅಟೆಂಡರ್ ಎಡ ಮುಂಗಾಲನ್ನು ಒಮ್ಮೆ ಮೂಸಿತು, ಎರಡು ಸಲ ನಾಲಿಗೆ ಆಡಿಸಿತು, ಬೇಸರವಾಗಿ ಬಿಟ್ಟಿತು. ಪಕ್ಕಕ್ಕೆ ಉರುಳಿ, ನಾಲ್ಕೂ ಕಾಲು ಚಾಚಿ, ಗೊರಕೆ ಹೊಡೆಯಿತು. ಮಧ್ಯಾಹ್ನವೆಲ್ಲ ಮನೆಯಲ್ಲಿ ಗೊರಕೆ ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಸಿಸ್ಟರಮ್ಮನಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಮೊದಲು ಸಿಟ್ಟು ಬಂತು, ಹಾಲುಗಲ್ಲನ ಮೇಲೆ, ಆಮೇಲೆ ನಾಯಿಯ ಮೇಲೆ. ಸಿಟ್ಟು ಇಳಿದ ಮೇಲೆ ಲೆಕ್ಕ ಹಾಕಿದರು. ಕುಂಯ್ ಎನ್ನುತ್ತಿದ್ದ ಕಾಲನ್ನು ಹಿಡಿದೆಳೆದು ದಿನಕ್ಕೆ ಹತ್ತು ಸಲ ಸುಟ್ಟವಳು ತಾನು. ಮೂವತ್ತನಾಲ್ಕು ವರ್ಷದಲ್ಲಿ ಒಂದು ಗಾಯವನ್ನೂ ಕೆಡಿಸದ ತನ್ನ ಕೈಯಲ್ಲೇ, ಈ ಮನೆಯಲ್ಲಿ, ಒಂದು ಗಾಯ ಕೆಟ್ಟಿತು. ಬೈಯಲು ಸುತ್ತಮುತ್ತ ಯಾರೂ ಸಿಗಲಿಲ್ಲ.

ಹತ್ತನೇ ದಿನ ಆಟೋ ಬಂದಾಗ ಮೇಲಿನವಳು ಕೇಳದೆಯೇ ಇಳಿದು ಬಂದು ನಾಯಿಯನ್ನು ಎತ್ತಿಕೊಂಡಳು. ಸಿಸ್ಟರಮ್ಮ ಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ದಾರಿಯುದ್ದಕ್ಕೂ ಇಬ್ಬರೂ ರಸ್ತೆ ನೋಡಿದರು.

ಹಾಲುಗಲ್ಲ ಪಾದ ಬಿಡಿಸಿ ನೋಡಿ ತಲೆಯಾಡಿಸಿದ. ಊತ ಇಳಿದಿದೆ, ಬೆರಳು ಉಳಿಯಿತು, ಇನ್ನೆರಡು ವಾರ ಹೀಗೇ ನೋಡಿಕೊಳ್ಳಿ ಎಂದ. ಸಿಸ್ಟರಮ್ಮ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮೇಲಿನವಳು ನಡುವೆ ಬಂದಳು.

“ಬಿಸ್ಕತ್ತೇ ಇರಬೇಕು ಬಿಡಿ ಡಾಕ್ಟ್ರೇ. ನಾನು ತುಂಬಾ ಹಾಕ್ತಿದ್ದೆ. ಅದು ನಿಲ್ಲಿಸಿದ್ದಕ್ಕೇ ವಾಸಿ ಆಗಿದ್ದು. ಅಲ್ವಾ ಅಕ್ಕ?”

ಹಾಲುಗಲ್ಲ ಒಮ್ಮೆ ಇವಳನ್ನು ನೋಡಿದ, ಒಮ್ಮೆ ಅವರನ್ನು. “ಇರಬಹುದು” ಎಂದು ಗೊಣಗಿ, ತಲೆ ತಗ್ಗಿಸಿ ನಾಯಿಯ ಕಾರ್ಡಿನಲ್ಲಿ ಬರೆಯತೊಡಗಿದ.

ಮೇಜಿನ ಈಚೆ ನಿಂತು ಡಾಕ್ಟರುಗಳ ಅಕ್ಷರವನ್ನು ತಲೆಕೆಳಗಾಗಿ ಓದುವುದು ಸಿಸ್ಟರಮ್ಮನಿಗೆ ನೀರು ಕುಡಿದಷ್ಟು ಸಲೀಸು. ‘ಕಾರಣ: ಆಹಾರದ ಅಲರ್ಜಿ’ ಎಂದಿತ್ತು. ಇಬ್ಬರೂ ಸೇರಿ ತನಗೆ ದಯೆ ತೋರಿಸುತ್ತಿದ್ದಾರೆ! ಒಬ್ಬ ಚಹಾದ ಕಲೆಯವನು, ಒಬ್ಬಳು ಬಿಸ್ಕತ್ತಿನವಳು. ಅವರಿಗೆ ಕಿವಿಯವರೆಗೂ ಬಿಸಿಯೇರಿತು.

“ಹೊಡೆದುಹಾಕಿ ಅದನ್ನ.”

“ಅಮ್ಮ, ಇದು ಬರೀ ಕಾರ್ಡು. ಯಾರು ನೋಡ್ತಾರೆ?”

“ನಾಳೆ ನೀವು ಇಲ್ಲದಾಗ ಇನ್ನೊಬ್ಬ ಡಾಕ್ಟರ್ ನೋಡ್ತಾನೆ. ಸುಳ್ಳು ನೋಡಿ ಸುಳ್ಳು ಔಷಧಿ ಕೊಡ್ತಾನೆ. ಹೊಡೆದುಹಾಕಿ ಅಂದೆ.” ನಂತರ ಮೇಲಿನವಳ ಕಡೆ ತಿರುಗಿದರು. “ನೀನು ಸುಮ್ಮನಿರೇ. ಬಿಸ್ಕತ್ತಿನಿಂದ ಏನೂ ಆಗಿಲ್ಲ. ನಾನು ಅವತ್ತು ಬೈದಿದ್ದು ತಪ್ಪು.”

ಮೇಲಿನವಳು ನಾಯಿಯ ಬೆನ್ನಿಗೆ ಮುಖ ಒತ್ತಿಕೊಂಡು ನಿಂತಳು. ಹಾಲುಗಲ್ಲ ಗೆರೆ ಎಳೆದು ಹೊಡೆದುಹಾಕಿದ, ಪೆನ್ನು ಹಿಡಿದು ಕಾದ.

“ಬರೀರಿ. ಕಾರಣ: ಮನೆಯವರು ದಿನಕ್ಕೆ ಹತ್ತು ಸಲ ಲೋಷನ್ನಿನಲ್ಲಿ ಕಾಲು ತೊಳೆದದ್ದು.” ಅವನು ಬರೆದು ಮುಗಿಸುವವರೆಗೂ ಅವರು ನೋಡುತ್ತಾ ನಿಂತರು. “ಬೇಡ. ಮನೆಯವರು ಅಂದರೆ ಇವಳೂ ಸೇರ್ತಾಳೆ, ನನ್ನ ತಮ್ಮನೂ ಸೇರ್ತಾನೆ. ಅದನ್ನೂ ಹೊಡೀರಿ. ನರ್ಸ್ ಅಂತ ಬರೀರಿ.”

ಅವನು ಬರೆದ. ಸಿಸ್ಟರಮ್ಮ ಕಾರ್ಡನ್ನು ಕೈಗೆ ತೆಗೆದುಕೊಂಡು ಎರಡು ಸಲ ಓದಿದರು. ಆಮೇಲೆ ತಾರೀಖು ಹಾಕಿಲ್ಲ ಎಂದು ಅವನಿಗೆ ಬೈದರು.