ಎಡಚನ ರೈಫಲ್

ಅಣ್ಣ ಕಾರಿನಿಂದ ಇಳಿಯಲಿಲ್ಲ. ಬಂದೂಕಿನ ಅಂಗಡಿಯ ಕ್ಯಾಮೆರಾಗೆ ಕಾಣದ ಹಾಗೆ ರಸ್ತೆಯ ಆಚೆ ನಿಲ್ಲಿಸಿ, ನನ್ನ ಕೈಗೊಂದು ಚೀಟಿ ತುರುಕಿದ. ಯಾವ ರೈಫಲ್, ಯಾವ ನಂಬರು, ಎಲ್ಲ ದುಂಡಗೆ ಬರೆದಿದ್ದ. ಶಾಲೆಯಲ್ಲಿ ಒಂದು ದಿನವೂ ಇಷ್ಟು ಶ್ರದ್ಧೆ ತೋರಿಸಿದವನಲ್ಲ.

"ಯಾರಿಗೆ ಅಂತ ಕೇಳಿದ್ರೆ 'ನಂಗೇ' ಅನ್ನು. ಒಂದು ಸಹಿ, ಅಷ್ಟೇ ಕಣೇ."

"ನಿನ್ನ ಸಹಿಗೇನಾಗಿದೆ?"

"ಮತ್ತೆ ಶುರು ಮಾಡ್ಬೇಡ."

ಅವನ ಸಹಿ ನಡೆಯುವುದಿಲ್ಲ. ಹೋದ ವರ್ಷ ಅತ್ತಿಗೆಯ ಮಣಿಕಟ್ಟು ಮುರಿದ ಮೇಲೆ, ಇವನು ಬಂದೂಕು ಕೊಳ್ಳಕೂಡದು, ಮುಟ್ಟಕೂಡದು ಎಂದು ಕೋರ್ಟು ಹೇಳಿದೆ. ಅತ್ತಿಗೆ ಬೇರೆ ಮನೆ ಮಾಡಿಕೊಂಡರು. ಆಗಿನಿಂದ ಇವನಿಗೆ ಕಳ್ಳರ ಭಯವಂತೆ. ಕದಿಯಲು ಆ ಮನೆಯಲ್ಲಿ ಇರುವುದು ಇವನು ಮತ್ತು ಒಂದು ಟಿವಿ. ಎರಡೂ ಕೆಲಸ ಮಾಡುವುದಿಲ್ಲ.

ಆದರೆ ನನ್ನ ಮಗಳನ್ನು ದಿನಾ ಶಾಲೆಯಿಂದ ಕರೆತರುವವನು ಇವನೇ. ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆದು ನಾನು ಹೊರಬೀಳುವುದು ಸಂಜೆ ಆರಕ್ಕೆ. ಇವತ್ತು ರಜೆ ಹಾಕಿಸಿ ಕರೆತಂದವನು ಅದನ್ನು ದಾರಿಯಲ್ಲಿ ಮೂರು ಸಲ ನೆನಪಿಸಿದ್ದ.

ಅಂಗಡಿಯಾಕೆ ಚೀಟಿ ಓದಿ, ರೈಫಲ್ ತಂದು ಮುಂದಿಟ್ಟಳು.

"ಖಾಲಿ ಇದೆ. ಹಿಡ್ದು ನೋಡಿ."

ಹಿಡಿದೆ. ಗುಂಡು ತುಂಬಲು ಎಳೆಯುವ ಹಿಡಿಗಾಗಿ ನನ್ನ ಬಲಗೈ ತಡಕಾಡಿತು. ಅದು ಎಡಪಕ್ಕದಲ್ಲಿತ್ತು.

"ನೀವು ಎಡಚರಾ?"

"ಅಲ್ಲ."

"ಇದು ಎಡಚರಿಗೇ ಅಂತ ಮಾಡಿದ್ದು. ಇದೇ ಬೇಕು ಅಂತ ಬರ್ದಿದೀರಲ್ಲ?"

ಮಹಾ ಬುದ್ಧಿವಂತ! ಕ್ಯಾಮೆರಾ ತಪ್ಪಿಸಿದ್ದ, ನನ್ನ ಬಾಯಿಗೆ ಸುಳ್ಳು ಕಲಿಸಿದ್ದ, ಹಿಡಿಯುವುದು ತಾನೇ ಎಂದು ಮಾತ್ರ ಸ್ವಂತ ಕೈಯಿಂದ ಬರೆದುಕೊಟ್ಟಿದ್ದ. ಅತ್ತಿಗೆಯ ಮಣಿಕಟ್ಟು ತಿರುಚಿದ್ದೂ ಆ ಎಡಗೈಯೇ.

ಅಂಗಡಿಯಾಕೆ ಫಾರಂ ನನ್ನತ್ತ ತಳ್ಳಿ, 'ನಿಮಗಾಗಿಯೇ ಕೊಳ್ಳುತ್ತಿದ್ದೀರಾ?' ಎಂಬ ಸಾಲಿನ ಮೇಲೆ ಬೆರಳಿಟ್ಟಳು.

"ಓದಿ ಬರೀರಿ. ಇನ್ನೊಬ್ಬರಿಗೋಸ್ಕರ ಸುಳ್ಳು ಬರೆದ್ರೆ ಬರೆದವರೂ ಜೈಲಿಗೆ ಹೋಗ್ತಾರೆ."

'ಇಲ್ಲ' ಎಂಬುದಕ್ಕೆ ಗುರುತು ಹಾಕಿದೆ.

"ನಮ್ಮಣ್ಣನಿಗೆ. ಕೋರ್ಟು ಬೇಡ ಅಂದಿದೆ. ಈ ಚೀಟಿ ಅವನದೇ ಅಕ್ಷರ, ಇಟ್ಕೊಳ್ಳಿ."

ಆಕೆ ಫೋನ್ ಎತ್ತಿಕೊಂಡಳು. "ಪೊಲೀಸರಿಗೆ ಹೇಳ್ಬೇಕಾಗತ್ತೆ. ಅವರ ಪೂರ್ತಿ ಹೆಸರು?"

ಹೇಳಿದೆ. ನನ್ನದನ್ನೂ ಹೇಳಿದೆ.

ಬರಿಗೈಯಲ್ಲಿ ಬಂದವಳನ್ನು ನೋಡಿ ಅಣ್ಣ ಗಾಜು ಇಳಿಸಿದ.

"ಎಲ್ಲೇ?"

"ನಿಜ ಹೇಳ್ದೆ. ಕೊಡ್ಲಿಲ್ಲ."

"ಥೂ! ಒಂದು ಸುಳ್ಳು ಹೇಳೋ ಯೋಗ್ಯತೆ ಇಲ್ವಲ್ಲ ನಿಂಗೆ! ಇವತ್ತಿಂದ ನಿನ್ನ ಮಗಳನ್ನ ಯಾರು ಕರ್ಕೊಂಡ್ ಬರ್ತಾರೆ, ನೋಡ್ತೀನಿ."

"ಬಂದೂಕು ಮುಟ್ಟಬೇಡ ಅಂತ ಕೋರ್ಟು ಹೇಳದೇ ಇರೋ ಯಾರಾದ್ರೂ."

ಹೊಗೆಯುಗುಳಿ ಹೋದ. ಕಾರು ಎತ್ತ ತಿರುಗುತ್ತದೆ ಎಂದು ನೋಡಿದೆ. ಶಾಲೆಯ ಕಡೆಗಲ್ಲ, ಅತ್ತಿಗೆಯ ಮನೆಯ ಕಡೆಗೂ ಅಲ್ಲ. ಆದರೂ ಬಸ್ ನಿಲ್ದಾಣಕ್ಕೆ ಓಡುತ್ತಲೇ ಅತ್ತಿಗೆಗೆ ಫೋನ್ ಮಾಡಿ ಎಲ್ಲ ಹೇಳಿದೆ.

ಆ ಕಡೆ ಚಿಲಕ ಹಾಕಿದ ಸದ್ದು ಕೇಳಿಸಿತು.

"ಮಗು ಶಾಲೆ ಬಿಡೋದು ಎಷ್ಟೊತ್ತಿಗೆ?" ಎಂದರು.

"ಇನ್ನು ಇಪ್ಪತ್ತು ನಿಮಿಷ."

"ಕರ್ಕೊಂಡು ಸೀದಾ ಇಲ್ಲಿಗೆ ಬಾ. ಮೂರು ಸಲ ಬಾಗಿಲು ತಟ್ಟು, ತೆಗೀತೀನಿ."